ನಿಮಗಿದು ಗೊತ್ತೆ? ಗ್ರೀಕರ ಹೂಜಿ, ನಮ್ಮೂರ ವೀರಗಲ್ಲು

● ಬೇಟೆ, ಕುಸ್ತಿ, ಮದುವೆ, ನೀರು ಹೊರುವ ಹೆಂಗಸರು: ಪ್ರಾಚೀನ ಗ್ರೀಕರು ದಿನನಿತ್ಯದ ಬದುಕನ್ನು ಮಣ್ಣಿನ ಹೂಜಿಗಳ ಮೇಲೆ ಚಿತ್ರಿಸಿದರು. ನಮ್ಮವರು ಕಲ್ಲಿನಲ್ಲಿ ಕಡೆದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ವೀರಗಲ್ಲು, ಮಾಸ್ತಿಕಲ್ಲುಗಳನ್ನು ನೋಡಿ.

● ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ತುದಿಯ ಸೂರ್ಯ–ಚಂದ್ರರ ಅರ್ಥ: ಅವರಿರುವವರೆಗೂ ಈ ಕೀರ್ತಿ ಇರಲಿ.

● ಗಂಡ ಸತ್ತಾಗ ಸತಿಯಾದ ಹೆಣ್ಣಿನ ನೆನಪಿನ ಕಲ್ಲೇ ಮಾಸ್ತಿಕಲ್ಲು. ಅದರ ಗುರುತು ಬಳೆ ತೊಟ್ಟು ಮೇಲೆತ್ತಿದ ಕೈ. ಒಡೆಯದ ಬಳೆ ಮುತ್ತೈದೆತನದ ಸಂಕೇತ. ಕೆಲವೆಡೆ ಬೆರಳ ನಡುವೆ ನಿಂಬೆಹಣ್ಣೂ ಇರುತ್ತದೆ.

● ಎಚ್.ಡಿ. ಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನದಲ್ಲಿ ದೇಕಬ್ಬೆಯ ಕಥೆಯಿದೆ. ಕುಸ್ತಿಯಲ್ಲಿ ದಾಯಾದಿಯನ್ನು ಕೊಂದ ಗಂಡ ಏಚನಿಗೆ ತಲಕಾಡಿನಲ್ಲಿ ಮರಣದಂಡನೆಯಾಯಿತು. ಸುದ್ದಿ ಕೇಳಿದ ದೇಕಬ್ಬೆ, ಹೆತ್ತವರು ತಡೆದರೂ ಕೇಳದೆ ಬೆಂಕಿ ಹೊಕ್ಕಳು.

● ನಾಯಿಗೂ ಕಲ್ಲುಂಟು! ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಶಾಸನಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ಬೇಟೆನಾಯಿಯ ಚಿತ್ರವಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ್ದು.

● ಕ್ರಿ.ಪೂ. 570ರ ಸುಮಾರಿನ ‘ಫ್ರಾಂಸ್ವಾ’ ಹೂಜಿ ಇಟಲಿಯ ಫ್ಲಾರೆನ್ಸ್‌ನಲ್ಲಿದೆ. ಅದರಲ್ಲೂ ಕಾಡುಹಂದಿ ಬೇಟೆಯ ದೃಶ್ಯವಿದೆ. ಚಿತ್ರಕಾರ ಕ್ಲೈಟಿಯಾಸ್ ಅಲ್ಲಿ ಬೇಟೆಗಾರರ ಹೆಸರಿನ ಜೊತೆಗೆ ನಾಯಿಗಳ ಹೆಸರನ್ನೂ ಬರೆದಿದ್ದಾನೆ!