ಮೈಸೂರಿನ ಕಬ್ಬಿಣದ ಬಾಣ

ದೀಪಾವಳಿಯ ರಾತ್ರಿ ಹುಡುಗರು ಹಚ್ಚಿಬಿಡುವ ಬಾಣವನ್ನು ನೀವೆಲ್ಲ ನೋಡಿದ್ದೀರಿ. ಕಾಗದದ ಒಂದು ಕೊಳವೆ, ಒಳಗೆ ಮದ್ದು, ಪಕ್ಕದಲ್ಲೊಂದು ಕಡ್ಡಿ. ಇಷ್ಟೇ ಅದರ ರಚನೆ. ಬತ್ತಿಗೆ ಕಿಡಿ ತಾಗಿದೊಡನೆ ಮದ್ದು ಉರಿದು ಅನಿಲವಾಗಿ ಹಿಂಬಾಯಿಂದ ನುಗ್ಗುತ್ತದೆ. ಅನಿಲ ಹಿಂದಕ್ಕೆ ನುಗ್ಗುವ ಬಲದ ಪ್ರತಿಕ್ರಿಯೆಯಿಂದ ಬಾಣ ಮುಂದಕ್ಕೆ ಹಾರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯ ಇದೇ ತತ್ತ್ವದ ಆಯುಧದಿಂದ ಯೂರೋಪಿನ ಸೇನಾನಿಗಳನ್ನು ಬೆರಗುಗೊಳಿಸಿತು. ಹಾಗಾದರೆ ಅದರಲ್ಲಿದ್ದ ಹೊಸತನ ಯಾವುದು?

ಮದ್ದಂತೂ ಅಲ್ಲ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣವನ್ನು ಜಗತ್ತು ಶತಮಾನಗಳಿಂದ ಬಲ್ಲದು. ಹೊಸತನವಿದ್ದುದು ಹೊರಮೈಯಲ್ಲಿ. ಆಗ ಯೂರೋಪಿನಲ್ಲಿದ್ದ ಬಾಣಗಳಿಗೆ ರಟ್ಟಿನ ಕೊಳವೆ. ಅದರಲ್ಲಿ ಮದ್ದನ್ನು ಬಿಗಿಯಾಗಿ ಗಿಡಿದರೆ ಒತ್ತಡ ತಾಳಲಾರದೆ ಕೊಳವೆಯೇ ಒಡೆಯುವುದು. ಮೈಸೂರಿನ ಬಾಣಕ್ಕೆ ಕಬ್ಬಿಣದ ಕೊಳವೆ. ಅದು ಹೆಚ್ಚಿನ ಒತ್ತಡವನ್ನು ತಡೆಯುತ್ತಿದ್ದುದರಿಂದ ಅನಿಲ ಕಿರಿದಾದ ಬಾಯಿಂದ ಇನ್ನೂ ರಭಸವಾಗಿ ಹೊರಬಿದ್ದು ಬಾಣವನ್ನು ಬಲು ದೂರ ಒಯ್ಯುತ್ತಿತ್ತು. ಇಂಗ್ಲೆಂಡಿನ ವುಲ್ವಿಚ್ಚಿನಲ್ಲಿ ಉಳಿದ ಮಾದರಿಯೊಂದರ ಕೊಳವೆ ಸುಮಾರು ೧೦ ಅಂಗುಲ ಉದ್ದ, ೨ ಅಂಗುಲಕ್ಕೆ ತುಸು ಮಿಗಿಲಾದ ದಪ್ಪ. ಅದನ್ನು ಚರ್ಮದ ಪಟ್ಟಿಗಳಿಂದ ಸುಮಾರು ಒಂದು ಗಜ ಉದ್ದದ ಕತ್ತಿಗೆ ಬಿಗಿದಿದೆ. ಬಿದಿರಿನ ಗಳು ಕಟ್ಟುವುದೂ ಉಂಟು. ಗಳುವಾಗಲಿ ಕತ್ತಿಯಾಗಲಿ, ಬಾಣವು ದಿಕ್ಕು ತಪ್ಪಿ ಹೊರಳದಂತೆ ಹಿಡಿಯುವುದೇ ಅದರ ಕೆಲಸ. ಇಂಥ ಬಾಣಗಳು ಸಾವಿರ ಗಜಗಳಷ್ಟು ದೂರ ಹೋಗಬಲ್ಲವಾಗಿದ್ದವು.

ದೋಷವೂ ಇತ್ತೆಂಬುದನ್ನು ಮರೆಯಬಾರದು. ಒಂಟಿ ಬಾಣದ ಗುರಿಯನ್ನು ನಂಬುವಂತಿರಲಿಲ್ಲ. ಆದಕಾರಣ ಅನೇಕ ಬಾಣಗಳನ್ನು ಒಟ್ಟಿಗೆ ಬಿಡುವುದು ವಾಡಿಕೆ. ಬೆಂಕಿ ಕಾರುತ್ತ ಭೋರಿಡುತ್ತ ಬರುವ ಬಾಣಗಳಿಗೆ ಕುದುರೆ, ಎತ್ತುಗಳು ಬೆದರಿ ಸಾಲು ಮುರಿಯುತ್ತಿದ್ದವು.

೧೭೮೦ರ ಸೆಪ್ಟೆಂಬರ್ ೧೦ರಂದು ಪೊಳ್ಳಿಲೂರಿನ ಕಾಳಗದಲ್ಲಿ ಇಂಗ್ಲಿಷ್ ಕರ್ನಲ್ ಬೇಯ್ಲಿಯ ಮದ್ದಿನ ಬಂಡಿಗಳು ಸಿಡಿದವು. ಅದಕ್ಕೆ ಮೈಸೂರಿನ ಬಾಣಗಳೇ ಕಾರಣವೆಂದು ಅನೇಕರ ಅಭಿಪ್ರಾಯ. ೧೭೯೯ರ ಏಪ್ರಿಲ್ ೫ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆ ತೋಪಿನಲ್ಲಿ ಬಾಣ ಬಂದೂಕುಗಳ ಸುರಿಮಳೆಗೆ ಸಿಕ್ಕಿ ವೆಲ್ಲೆಸ್ಲಿಯ ದಳ ಕತ್ತಲಲ್ಲಿ ದಿಕ್ಕೆಟ್ಟು ಹಿಂಜರಿಯಿತು. ಮುಂದೆ ವಾಟರ್‌ಲೂ ಗೆದ್ದ ವೆಲಿಂಗ್ಟನ್ ಇವನೇ. ಆದರೆ ಮರುದಿನ ತೋಪು ಅವನ ವಶವಾಯಿತು. ಮೇ ೪ರಂದು ಕೋಟೆಯೇ ಬಿದ್ದು ಸುಲ್ತಾನ ಮಡಿದ. ಬಾಣಗಳು ಹಡಗೇರಿ ವುಲ್ವಿಚ್ ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಪ್ರಯೋಗ ನಡೆಸಿ, ಕಬ್ಬಿಣದ ಕೊಳವೆಯ ತನ್ನ ಬಾಣವನ್ನು ಸಿದ್ಧಪಡಿಸಿದ. ೧೮೦೭ರಲ್ಲಿ ಕೋಪನ್‌ಹೇಗನ್ ಪಟ್ಟಣದ ಮೇಲೆ ಬಿದ್ದುದು ಈ ಬಾಣಗಳೇ.

ಈಗ ಗುಬ್ಬಿಯ ಕಡೆಗೆ ಬರೋಣ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ೧೮೦೦ರಲ್ಲಿ, ಮೈಸೂರು ಸೀಮೆಯ ಸಂಚಾರಕ್ಕೆ ಹೊರಟ ಫ್ರಾನ್ಸಿಸ್ ಬುಕಾನನ್ ತುಮಕೂರು ಪ್ರಾಂತದ ಕಬ್ಬಿಣದ ಕುಲುಮೆಗಳನ್ನು ನೋಡಿ ವಿವರವಾಗಿ ಬರೆದಿಟ್ಟ. ನಿಟ್ಟೂರಿನಿಂದ ಚಿಕ್ಕನಾಯಕನಹಳ್ಳಿಯತ್ತ ಹೋಗುವವರು ಅದಿರಿನ ಗುಡ್ಡಗಳನ್ನು ಇಂದಿಗೂ ಕಾಣಬಹುದು. ಮಣ್ಣಿನ ಒಲೆ, ಇದ್ದಿಲು, ಚರ್ಮದ ತಿದಿ, ಸುತ್ತಿಗೆ. ಇಷ್ಟರಿಂದಲೇ ಹಳ್ಳಿಯವರು ಕಬ್ಬಿಣ ತೆಗೆಯುತ್ತಿದ್ದರು. ಇಂಥ ಕಬ್ಬಿಣ ಬಲ್ಲ ನಾಡಿನಲ್ಲೇ ಕಬ್ಬಿಣದ ಬಾಣ ಹುಟ್ಟಿತೆಂಬುದು ಆಕಸ್ಮಿಕವಲ್ಲ. ಕೊಳವೆ ತೆಳುವಾದರೆ ಕೈಯಲ್ಲೇ ಸಿಡಿಯುವುದು, ದಪ್ಪವಾದರೆ ಮೇಲೇಳದು. ಈ ಹದ ಕಮ್ಮಾರನ ಕೈಯಲ್ಲಿತ್ತು, ಕಾಗದಕ್ಕೆ ಇಳಿಯಲಿಲ್ಲ. ಕಾಂಗ್ರೀವನೋ ತನ್ನ ಪ್ರಯೋಗಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ. ಬಾಣ ಅವನ ಹೆಸರಿನಲ್ಲಿ ನಡೆಯಿತು. ನಮ್ಮ ಒಲೆಗಳು ಆರಿದವು.

೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಮಿಕ್ಕಿ ಬಾಣಗಳು ದೊರೆತವು. ತುಕ್ಕು ಹಿಡಿದ ಆ ಕೊಳವೆಗಳನ್ನು ನೋಡುವ ಸಂದರ್ಭ ನಿಮಗೆ ಒದಗಿದರೆ, ಸುಲ್ತಾನನ ಜೊತೆಗೆ ಅವನ್ನು ಬಡಿದ ಕೈಗಳನ್ನೂ ನೆನೆಯಿರಿ. ನಿಮ್ಮೂರಿನ ಕುಶಲಕರ್ಮಿಯೊಬ್ಬನಿಗೆ ತಿಳಿದಿರುವ ಹದವನ್ನು ಅವನಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿರಿ.