ಎರಡು ವರ್ಷಗಳ ಕಾಲೇಜು ಮತ್ತು ವೈದ್ಯವಿದ್ಯೆಯ ಬಾಗಿಲು

ಭಾರತದಲ್ಲಿ ವೈದ್ಯನಾಗಬಯಸುವ ವಿದ್ಯಾರ್ಥಿಯ ಭವಿಷ್ಯವು ಸಾಮಾನ್ಯವಾಗಿ ಹದಿನೆಂಟನೆಯ ವಯಸ್ಸಿನ ಆಸುಪಾಸಿನಲ್ಲಿಯೇ ನಿರ್ಧಾರವಾಗಿಬಿಡುತ್ತದೆ. ಪದವಿಪೂರ್ವ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿ, ‘ನೀಟ್’ ಎಂಬ ಪ್ರವೇಶಪರೀಕ್ಷೆಯಲ್ಲಿ ತಕ್ಕ ಸ್ಥಾನ ಪಡೆದವನು ನೇರವಾಗಿ ಎಂ.ಬಿ.ಬಿ.ಎಸ್. ತರಗತಿಯನ್ನು ಸೇರುತ್ತಾನೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕ್ರಮವೇ ಬೇರೆ. ಅಲ್ಲಿ ವೈದ್ಯವಿದ್ಯೆಯು ಪದವಿಯ ಅನಂತರದ ವ್ಯಾಸಂಗ. ನಾಲ್ಕು ವರ್ಷಗಳ ಮೊದಲ ಪದವಿ, ಅದರ ಮೇಲೆ ನಾಲ್ಕು ವರ್ಷಗಳ ವೈದ್ಯಕೀಯ ಕಾಲೇಜು, ಆ ಬಳಿಕ ಆಯ್ದ ಶಾಖೆಗೆ ತಕ್ಕಂತೆ ಸಾಮಾನ್ಯವಾಗಿ ಮೂರರಿಂದ ಏಳು ವರ್ಷಗಳ ಆಸ್ಪತ್ರೆಯ ತರಬೇತಿ. ಹೀಗೆ ದಾರಿ ದೀರ್ಘವಾದುದು. ‘ಪ್ರೀಮೆಡ್’ ಎಂದು ಅಲ್ಲಿಯವರು ಕರೆಯುವುದು ಒಂದು ಪದವಿಯ ಹೆಸರಲ್ಲ. ವೈದ್ಯಕೀಯ ಕಾಲೇಜನ್ನು ಸೇರುವ ಮೊದಲು ಮುಗಿಸಿರಬೇಕಾದ ಕೆಲವು ಪಾಠಕ್ರಮಗಳ ಗುಂಪಿಗೆ ಅದು ರೂಢಿಯ ಹೆಸರು. ಇತಿಹಾಸವನ್ನೋ ಸಂಗೀತವನ್ನೋ ಮುಖ್ಯ ವಿಷಯವಾಗಿ ಓದಿದವನೂ ಈ ಪಾಠಕ್ರಮಗಳನ್ನು ಮುಗಿಸಿದ್ದರೆ ಅರ್ಜಿ ಸಲ್ಲಿಸಬಹುದು. ಇವುಗಳಲ್ಲಿ ಕೆಲವನ್ನು ತನ್ನ ಊರಿನ ‘ಕಮ್ಯೂನಿಟಿ ಕಾಲೇಜಿ’ನಲ್ಲಿ ಕಡಮೆ ಖರ್ಚಿನಲ್ಲಿ ಓದಿ, ಅನಂತರ ನಾಲ್ಕು ವರ್ಷಗಳ ವಿಶ್ವವಿದ್ಯಾನಿಲಯಕ್ಕೆ ವರ್ಗವಾಗುವ ಪದ್ಧತಿಯೊಂದು ಅಲ್ಲಿದೆ. ಆ ದಾರಿ ವಿದ್ಯಾರ್ಥಿಯನ್ನು ಎಷ್ಟು ದೂರ ಕೊಂಡೊಯ್ಯುತ್ತದೆ, ಎಲ್ಲಿ ತಡೆದು ನಿಲ್ಲಿಸುತ್ತದೆ ಎಂಬುದು ಇಲ್ಲಿ ವಿಚಾರ ಮಾಡಬೇಕಾದ ವಿಷಯ.

ಕಮ್ಯೂನಿಟಿ ಕಾಲೇಜೆಂದರೆ ಪದವಿಯ ಮೊದಲೆರಡು ವರ್ಷಗಳ ಪಾಠಗಳನ್ನು ಹೇಳಿಕೊಡುವ, ಹೆಚ್ಚಾಗಿ ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆ. ದೇಶದಲ್ಲಿ ಇಂಥವು ಸುಮಾರು ೧೦೦೦ ಇವೆ. ಕ್ಯಾಲಿಫೋರ್ನಿಯ ಒಂದರಲ್ಲಿಯೇ ೧೧೬ ಇವೆ. ಪ್ರೌಢಶಾಲೆಯನ್ನು ಮುಗಿಸಿದ ಯಾರಿಗೂ ಅಲ್ಲಿ ಪ್ರವೇಶವನ್ನು ನಿರಾಕರಿಸುವುದಿಲ್ಲವೆಂಬುದು ಅವುಗಳ ಮೂಲತತ್ತ್ವ. ಹಗಲು ದುಡಿದು ಸಂಜೆ ಓದುವವರು, ಮಕ್ಕಳನ್ನು ಸಾಕುತ್ತ ಓದುವ ತಾಯಂದಿರು, ಸೈನ್ಯದಿಂದ ಮರಳಿದವರು, ಹೊಸದಾಗಿ ಬಂದು ನೆಲಸಿ ಇಂಗ್ಲಿಷನ್ನು ಕಲಿಯುತ್ತಿರುವವರು ಇವುಗಳ ವಿದ್ಯಾರ್ಥಿವರ್ಗ. ಕ್ಯಾಲಿಫೋರ್ನಿಯದಲ್ಲಿ ಆ ಸಂಸ್ಥಾನದ ನಿವಾಸಿಗಳಿಗೆ ೨೦೧೨ರಿಂದ ಒಂದು ಕ್ರೆಡಿಟಿಗೆ ೪೬ ಡಾಲರ್ ಶುಲ್ಕವಿದೆ. ಎರಡು ವರ್ಷಗಳ ೬೦ ಕ್ರೆಡಿಟುಗಳಿಗೆ ಇದು ೨,೭೬೦ ಡಾಲರ್ ಆಗುತ್ತದೆ. ಅದೇ ಸಂಸ್ಥಾನದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಒಂದೇ ವರ್ಷದ ಬೋಧನಶುಲ್ಕ ೧೪,೦೦೦ ಡಾಲರನ್ನು ಮೀರಿದೆ. ಈ ಅಂತರವನ್ನು ಕಂಡರೆ ಬಡ ಹಾಗೂ ಮಧ್ಯಮವರ್ಗದ ಕುಟುಂಬಗಳು ಈ ಕಾಲೇಜುಗಳತ್ತ ತಿರುಗುವುದೇಕೆಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಈ ಸಂಸ್ಥೆಗಳು ಹುಟ್ಟಿದ ಬಗೆಯನ್ನು ತಿಳಿದುಕೊಂಡರೆ ಇಂದಿನ ಸಮಸ್ಯೆಯ ಸ್ವರೂಪವು ಸ್ಪಷ್ಟವಾಗುತ್ತದೆ. ಷಿಕಾಗೊ ವಿಶ್ವವಿದ್ಯಾನಿಲಯದ ಮೊದಲ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್ ಅವರು ಪದವಿಯ ನಾಲ್ಕು ವರ್ಷಗಳನ್ನು ಎರಡೆರಡು ವರ್ಷಗಳ ಎರಡು ಭಾಗಗಳನ್ನಾಗಿ ಕಂಡರು. ಮೊದಲ ಭಾಗವು ಪ್ರೌಢಶಾಲೆಯ ಮುಂದುವರಿಕೆ. ಎರಡನೆಯದು ನಿಜವಾದ ವಿಶ್ವವಿದ್ಯಾನಿಲಯದ ಕೆಲಸ. ಮೊದಲ ಭಾಗವನ್ನು ಊರೂರಿನಲ್ಲಿಯೇ ಏಕೆ ಕಲಿಸಬಾರದೆಂಬುದು ಅವರ ಪ್ರಶ್ನೆಯಾಗಿತ್ತು. ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಪಟ್ಟಣದ ಪ್ರೌಢಶಾಲೆಯ ಮುಖ್ಯಸ್ಥರಾಗಿದ್ದ ಜೆ. ಸ್ಟಾನ್ಲಿ ಬ್ರೌನ್ ಅವರೊಡನೆ ಕೂಡಿ ೧೯೦೧ರಲ್ಲಿ ಅವರು ಇದನ್ನು ಕಾರ್ಯರೂಪಕ್ಕೆ ತಂದರು. ಆರು ಮಂದಿ ವಿದ್ಯಾರ್ಥಿಗಳಿಂದ ಆರಂಭವಾದ ಜೋಲಿಯೆಟ್ ಜೂನಿಯರ್ ಕಾಲೇಜು ಇಂದಿಗೂ ನಡೆಯುತ್ತಿರುವ ಸಾರ್ವಜನಿಕ ಕಮ್ಯೂನಿಟಿ ಕಾಲೇಜುಗಳಲ್ಲಿ ಅತ್ಯಂತ ಹಳೆಯದು.

ಇದೇ ಕಾಲದಲ್ಲಿ ವೈದ್ಯವಿದ್ಯೆಯ ಕ್ಷೇತ್ರದಲ್ಲಿ ಮತ್ತೊಂದು ಬದಲಾವಣೆ ಆಗುತ್ತಿತ್ತು. ಆಗಿನ ಬಹುಪಾಲು ವೈದ್ಯಕೀಯ ಶಾಲೆಗಳು ಶುಲ್ಕ ಕೊಟ್ಟವರನ್ನೆಲ್ಲ ಸೇರಿಸಿಕೊಳ್ಳುತ್ತಿದ್ದುವು. ೧೮೯೩ರಲ್ಲಿ ಆರಂಭವಾದ ಜಾನ್ಸ್ ಹಾಪ್‌ಕಿನ್ಸ್ ವೈದ್ಯಕೀಯ ಶಾಲೆಯಂತೆ ಪದವಿಯನ್ನು ಕೇಳುತ್ತಿದ್ದುವು ವಿರಳ. ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಏಬ್ರಹಾಂ ಫ್ಲೆಕ್ಸ್‌ನರ್ ಅವರು ಅಮೆರಿಕ ಮತ್ತು ಕೆನಡಗಳ ೧೫೫ ಶಾಲೆಗಳನ್ನು ಪರಿಶೀಲಿಸಿ ೧೯೧೦ರಲ್ಲಿ ವರದಿಯನ್ನು ಪ್ರಕಟಿಸಿದರು. ರಸಾಯನಶಾಸ್ತ್ರ, ಜೀವಶಾಸ್ತ್ರ, ಭೌತಶಾಸ್ತ್ರಗಳ ತಳಹದಿಯಿಲ್ಲದವನಿಗೆ ಆಧುನಿಕ ವೈದ್ಯವಿದ್ಯೆಯನ್ನು ಕಲಿಸಲಾಗದು. ಆ ತಳಹದಿಗೆ ಪ್ರೌಢಶಾಲೆಯ ಮೇಲೆ ಕನಿಷ್ಠಪಕ್ಷ ಎರಡು ವರ್ಷಗಳ ಕಾಲೇಜು ವ್ಯಾಸಂಗ ಬೇಕು ಎಂಬುದು ಅವರ ವಾದದ ತಿರುಳು. ಇಂದಿನ ಪೂರ್ವಸಿದ್ಧತೆಯ ಪಾಠಕ್ರಮಗಳ ಮೂಲ ಇಲ್ಲಿಯೇ ಇದೆ. ಈ ಸುಧಾರಣೆಯಿಂದ ವಿದ್ಯೆಯ ಮಟ್ಟ ಏರಿತು, ಬಾಗಿಲೂ ಕಿರಿದಾಯಿತು. ಕರಿಯರಿಗಾಗಿ ನಡೆಯುತ್ತಿದ್ದ ಏಳು ವೈದ್ಯಕೀಯ ಶಾಲೆಗಳಲ್ಲಿ ಹೊವರ್ಡ್ ಮತ್ತು ಮೆಹ್ಯಾರಿ ಎಂಬ ಎರಡು ಮಾತ್ರ ಕೊನೆಗೆ ಉಳಿದುವು.

ಹಾರ್ಪರ್ ಅವರ ಎರಡು ವರ್ಷಗಳೂ ಫ್ಲೆಕ್ಸ್‌ನರ್ ಅವರ ಎರಡು ವರ್ಷಗಳೂ ವಸ್ತುತಃ ಒಂದೇ ಎರಡು ವರ್ಷಗಳೆಂಬುದನ್ನು ಇಲ್ಲಿ ಗಮನಿಸಬೇಕು. ವೈದ್ಯನಿಗೆ ಬೇಕೆಂದು ಒಬ್ಬರು ಹೇಳಿದ ಪಾಠಗಳು ಇನ್ನೊಬ್ಬರು ಊರಿನ ಕಾಲೇಜಿನಲ್ಲಿ ಕಲಿಸಬಹುದೆಂದ ಮಟ್ಟದ ಪಾಠಗಳೇ ಆಗಿದ್ದುವು. ಮುಂದೆ ಊರಿನ ಕಾಲೇಜು ಬೆಳೆಯುತ್ತಲೇ ಹೋಯಿತು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ವಿದ್ಯಾಭ್ಯಾಸದ ವೆಚ್ಚವನ್ನು ಕೊಟ್ಟ ೧೯೪೪ರ ಕಾನೂನು, ‘ಕಮ್ಯೂನಿಟಿ ಕಾಲೇಜು’ ಎಂಬ ಹೆಸರನ್ನು ಪ್ರಚಾರಕ್ಕೆ ತಂದ ೧೯೪೭ರ ಟ್ರೂಮನ್ ಆಯೋಗದ ವರದಿ, ೧೯೬೦ರ ಕ್ಯಾಲಿಫೋರ್ನಿಯದ ಉನ್ನತ ಶಿಕ್ಷಣ ಯೋಜನೆ, ಇವು ಅದರ ಮೆಟ್ಟಿಲುಗಳು. ಪ್ರೌಢಶಾಲೆಯಿಂದ ಹೊರಬೀಳುವವರಲ್ಲಿ ಮೇಲಿನ ಎಂಟನೆಯ ಒಂದು ಪಾಲಿನವರು ವಿಶ್ವವಿದ್ಯಾನಿಲಯಕ್ಕೂ, ಮೇಲಿನ ಮೂರನೆಯ ಒಂದು ಪಾಲಿನವರು ಸಂಸ್ಥಾನದ ಕಾಲೇಜುಗಳಿಗೂ ಅರ್ಹರು; ಎರಡು ವರ್ಷಗಳ ಕಾಲೇಜು ಎಲ್ಲರಿಗೂ ತೆರೆದದ್ದು; ಅಲ್ಲಿ ಚೆನ್ನಾಗಿ ಓದಿದವರಿಗೆ ಮೇಲಿನೆರಡಕ್ಕೂ ಏರಲು ಅವಕಾಶ ಎಂದು ಆ ಯೋಜನೆ ಏರ್ಪಡಿಸಿತು. ಇತ್ತ ವೈದ್ಯಕೀಯ ಕಾಲೇಜುಗಳು ಕ್ರಮೇಣ ಎರಡು ವರ್ಷಗಳಿಗೆ ತೃಪ್ತಿಪಡದೆ ಪೂರ್ಣ ಪದವಿಯನ್ನೇ ನಿರೀಕ್ಷಿಸತೊಡಗಿದುವು. ಊರಿನ ಕಾಲೇಜಿಗೂ ವೈದ್ಯಕೀಯ ಕಾಲೇಜಿಗೂ ನಡುವೆ ವರ್ಗಾವಣೆಯೆಂಬ ಹೊಳೆ ಹೀಗೆ ಅಡ್ಡ ಬಂದಿತು.

ಇಂದು ಬೇಕಾದ ಪಾಠಗಳಾವುವು? ಕಾಲೇಜಿನಿಂದ ಕಾಲೇಜಿಗೆ ವ್ಯತ್ಯಾಸವಿದ್ದರೂ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ, ಇವು ಪ್ರಯೋಗಶಾಲೆಯ ಸಹಿತ ಒಂದೊಂದು ವರ್ಷ. ಜೀವರಸಾಯನಶಾಸ್ತ್ರ ಅರ್ಧ ವರ್ಷ. ಇವುಗಳೊಡನೆ ಇಂಗ್ಲಿಷ್, ಗಣಿತ ಅಥವಾ ಸಂಖ್ಯಾಶಾಸ್ತ್ರ ಎಂಬುದು ಸಾಮಾನ್ಯವಾದ ಪಟ್ಟಿ. ವೈದ್ಯಕೀಯ ಪ್ರವೇಶಪರೀಕ್ಷೆಯಾದ ‘ಎಂಕ್ಯಾಟ್’ನಲ್ಲಿ ೨೦೧೫ರಿಂದ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರಗಳಿಗೂ ಒಂದು ಭಾಗ ಮೀಸಲಾಗಿರುವುದರಿಂದ ಅವನ್ನೂ ಓದುವವರು ಅನೇಕರು. ಈ ಪಾಠಗಳು ಸರಪಣಿಯ ಕೊಂಡಿಗಳಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ಗಣಿತದ ಒಂದು ಮಟ್ಟವನ್ನು ಮುಟ್ಟದೆ ಸಾಮಾನ್ಯ ರಸಾಯನಶಾಸ್ತ್ರವಿಲ್ಲ, ಅದನ್ನು ಮುಗಿಸದೆ ಸಾವಯವ ರಸಾಯನಶಾಸ್ತ್ರವಿಲ್ಲ, ಅದಿಲ್ಲದೆ ಜೀವರಸಾಯನಶಾಸ್ತ್ರವಿಲ್ಲ. ಗಣಿತದಲ್ಲಿ ಹಿಂದುಳಿದು ಬಂದವನಿಗೆ ಮೊದಲ ವರ್ಷವೆಲ್ಲ ಆ ಕೊರತೆಯನ್ನು ತುಂಬುವುದರಲ್ಲಿಯೇ ಕಳೆಯಬಹುದು. ಎರಡು ವರ್ಷಗಳ ವ್ಯಾಸಂಗವು ಮೂರಕ್ಕೋ ನಾಲ್ಕಕ್ಕೋ ಬೆಳೆಯುವುದು ಹೀಗೆ. ಸಂಜೆಯ ಪ್ರಯೋಗಶಾಲೆಯಲ್ಲಿ ಸ್ಥಳ ಸಿಗದೆ ಅರ್ಧ ವರ್ಷ ಕಾಯಬೇಕಾದರಂತೂ ಅಷ್ಟರ ಮಟ್ಟಿಗೆ ಇಡೀ ಸರಪಣಿಯೇ ಹಿಂದೆ ಸರಿಯುತ್ತದೆ.

ಓದಿದ್ದೆಲ್ಲವೂ ವರ್ಗಾವಣೆಯಲ್ಲಿ ಸಲ್ಲುವುದೇ ಎಂಬುದು ಎರಡನೆಯ ತೊಡಕು. ಒಂದು ಕಾಲೇಜಿನ ಇಂಥ ಪಾಠವು ಇನ್ನೊಂದು ವಿಶ್ವವಿದ್ಯಾನಿಲಯದ ಇಂಥ ಪಾಠಕ್ಕೆ ಸಮಾನವೆಂದು ಸಂಸ್ಥೆಗಳು ತಮ್ಮೊಳಗೆ ಒಡಂಬಡಿಕೆ ಮಾಡಿಕೊಳ್ಳುತ್ತವೆ. ಕ್ಯಾಲಿಫೋರ್ನಿಯದಲ್ಲಿ ಇವನ್ನೆಲ್ಲ ‘ಅಸಿಸ್ಟ್’ ಎಂಬ ಸಾರ್ವಜನಿಕ ಸೂಚಿಯಲ್ಲಿ ನೋಡಬಹುದು. ಫ್ಲಾರಿಡದಲ್ಲಿ ಸಾರ್ವಜನಿಕ ಸಂಸ್ಥೆಗಳ ಪಾಠಗಳಿಗೆಲ್ಲ ಸಮಾನವಾದ ಅಂಕಿತಸಂಖ್ಯೆಗಳಿವೆ. ಇಷ್ಟಿದ್ದರೂ ಕ್ರೆಡಿಟು ‘ಸಂದಿತು’ ಎಂಬುದಕ್ಕೂ ಪಾಠವು ‘ಸಮಾನವಾಯಿತು’ ಎಂಬುದಕ್ಕೂ ಅಂತರವಿದೆ. ವಿಶ್ವವಿದ್ಯಾನಿಲಯವು ಒಂದು ಪಾಠವನ್ನು ಬರಿಯ ಐಚ್ಛಿಕ ಕ್ರೆಡಿಟಾಗಿ ಸ್ವೀಕರಿಸಿ, ಮುಖ್ಯ ವಿಷಯದ ಅಗತ್ಯವನ್ನು ಅದು ಪೂರೈಸದೆಂದು ಹೇಳಬಹುದು. ಸಾವಯವ ರಸಾಯನಶಾಸ್ತ್ರವನ್ನು ಕೆಲವು ವಿಶ್ವವಿದ್ಯಾನಿಲಯಗಳು ಮೂರನೆಯ ವರ್ಷದ ಪಾಠವೆಂದು ಗಣಿಸುವುದರಿಂದ ಅಲ್ಲಿ ಈ ತೊಡಕು ಹೆಚ್ಚು. ಒಂದು ವರ್ಷದ ಪಾಠದ ಅರ್ಧವನ್ನು ಇಲ್ಲಿ, ಅರ್ಧವನ್ನು ಅಲ್ಲಿ ಓದಿದವನಿಗೆ ನಡುವಿನ ಒಂದು ಭಾಗವೇ ತಪ್ಪಿಹೋಗುವ ಸಂಭವವೂ ಉಂಟು.

ಮೂರನೆಯ ತೊಡಕು ಎಲ್ಲಕ್ಕಿಂತ ಸೂಕ್ಷ್ಮವಾದುದು. ವಿಶ್ವವಿದ್ಯಾನಿಲಯಕ್ಕೆ ಬಂದ ಮೇಲೆ ಅಲ್ಲಿನ ಸರಾಸರಿ ಅಂಕವು ಅನೇಕ ಕಡೆ ಹೊಸದಾಗಿ ಆರಂಭವಾಗುತ್ತದೆ. ಹಳೆಯದು ಮರೆತುಹೋಯಿತೆಂದು ವಿದ್ಯಾರ್ಥಿ ಭಾವಿಸಿದರೆ ಅದು ತಪ್ಪು. ಬಹುಪಾಲು ವೈದ್ಯಕೀಯ ಕಾಲೇಜುಗಳು ಬಳಸುವ ಕೇಂದ್ರ ಅರ್ಜಿವ್ಯವಸ್ಥೆಯು ಅವನು ಓದಿದ ಪ್ರತಿಯೊಂದು ಅಮೆರಿಕದ ಕಾಲೇಜಿನ ಅಂಕಪಟ್ಟಿಯನ್ನೂ ತರಿಸಿಕೊಂಡು, ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆಯುತ್ತದೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತಗಳಿಗೆ ಬೇರೆಯ ಸರಾಸರಿಯನ್ನೂ ತೆಗೆಯುತ್ತದೆ. ಒಂದು ಪಾಠವನ್ನು ಎರಡನೆಯ ಸಲ ಓದಿ ಹೆಚ್ಚು ಅಂಕ ಪಡೆದರೂ ಮೊದಲಿನ ಅಂಕವು ಲೆಕ್ಕದಿಂದ ಹೊರಗಾಗುವುದಿಲ್ಲ. ಪ್ರವೇಶಸಮಿತಿಗಳ ಅಭಿಪ್ರಾಯದಲ್ಲಿಯೂ ಏಕರೂಪತೆಯಿಲ್ಲ. ಕೆಲವು ಕಾಲೇಜುಗಳು ಊರಿನ ಕಾಲೇಜಿನ ಪಾಠಗಳನ್ನು ಯಾವ ಭೇದವೂ ಇಲ್ಲದೆ ಒಪ್ಪುತ್ತವೆ. ಕೆಲವು ಒಪ್ಪಿದರೂ ನಾಲ್ಕು ವರ್ಷಗಳ ಸಂಸ್ಥೆಯ ಪಾಠಗಳಿಗೆ ಪ್ರಾಶಸ್ತ್ಯ ಕೊಡುತ್ತವೆ. ಸಮಿತಿಗಳ ಸಂದೇಹಕ್ಕೆ ಆಧಾರವಿಲ್ಲವೆನ್ನುವಂತಿಲ್ಲ. ಪಾಠದ ಆಳ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುವುದು ಸಹಜ. ಆದರೆ ಚಿಕ್ಕ ತರಗತಿಯಲ್ಲಿ, ಬೋಧನೆಯೇ ವೃತ್ತಿಯಾದ ಅಧ್ಯಾಪಕನಿಂದ ಕಲಿತ ರಸಾಯನಶಾಸ್ತ್ರವು ನೂರಾರು ಮಂದಿಯ ಸಭಾಂಗಣದಲ್ಲಿ ಕಲಿತದ್ದಕ್ಕಿಂತ ಕಡಮೆಯೆಂದು ಸಂಸ್ಥೆಯ ಹೆಸರಿನಿಂದಲೇ ತೀರ್ಮಾನಿಸುವುದೂ ನ್ಯಾಯವಾಗದು.

ಈ ಕಾರಣಗಳಿಂದ ಅನುಭವಿಗಳಾದ ಮಾರ್ಗದರ್ಶಕರು ಒಂದು ಕ್ರಮವನ್ನು ಹೇಳುವುದುಂಟು. ಗಣಿತ, ಇಂಗ್ಲಿಷ್, ಸಾಮಾನ್ಯ ರಸಾಯನಶಾಸ್ತ್ರ, ಮೊದಲ ಜೀವಶಾಸ್ತ್ರ, ಸಾಧ್ಯವಾದರೆ ಭೌತಶಾಸ್ತ್ರ, ಇವನ್ನು ಊರಿನ ಕಾಲೇಜಿನಲ್ಲಿ ಅತ್ಯುತ್ತಮ ಅಂಕಗಳೊಡನೆ ಮುಗಿಸುವುದು. ಜೀವರಸಾಯನಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಮೊದಲಾದ ಮೇಲ್ಮಟ್ಟದ ಪಾಠಗಳನ್ನು ವಿಶ್ವವಿದ್ಯಾನಿಲಯದಲ್ಲಿ ಓದಿ, ಕಠಿಣವಾದ ವ್ಯಾಸಂಗವನ್ನೂ ನಿರ್ವಹಿಸಬಲ್ಲೆನೆಂದು ತೋರಿಸಿಕೊಡುವುದು. ವರ್ಷವ್ಯಾಪಿಯಾದ ಪಾಠವನ್ನು ಎರಡು ಸಂಸ್ಥೆಗಳ ನಡುವೆ ಹರಿಯದಿರುವುದು. ವರ್ಗವಾಗಿ ಬಂದ ಮೊದಲ ಅರ್ಧ ವರ್ಷದಲ್ಲಿಯೇ ವಿಜ್ಞಾನದ ಪಾಠಗಳೆಲ್ಲವನ್ನೂ ಹೊತ್ತುಕೊಳ್ಳದಿರುವುದು. ವಿಶ್ವವಿದ್ಯಾನಿಲಯವನ್ನು ಸೇರಿದ ಮೇಲೆ ಹಣವನ್ನುಳಿಸಲು ಕಠಿಣವಾದ ಪಾಠವೊಂದಕ್ಕೆ ಮಾತ್ರ ಮರಳಿ ಊರಿನ ಕಾಲೇಜಿಗೆ ಹೋದರೆ, ಕಷ್ಟಕ್ಕೆ ಅಂಜಿ ಹೋದನೆಂದು ಸಮಿತಿ ಭಾವಿಸಬಹುದು. ಅದೇ ಪಾಠವನ್ನು ಆರಂಭದಲ್ಲಿ ಅಲ್ಲಿಯೇ ಓದಿದ್ದರೆ ಆ ಸಂದೇಹಕ್ಕೆ ಅಷ್ಟು ಎಡೆಯಿರುತ್ತಿರಲಿಲ್ಲ.

ಭಾರತದಿಂದ ಹೋದ ಕುಟುಂಬಗಳಿಗೂ ಈ ವಿಷಯವು ದೂರದ್ದಲ್ಲ. ಕರ್ನಾಟಕದ ವಿಶ್ವವಿದ್ಯಾನಿಲಯವೊಂದರ ಬಿ.ಎಸ್ಸಿ. ಪದವಿಯನ್ನು ಪಡೆದು ಅಮೆರಿಕದಲ್ಲಿ ನೆಲಸಿದವರು ವೈದ್ಯರಾಗಬಯಸಿದರೆ, ಅವರು ಭಾರತದಲ್ಲಿ ಓದಿದ ವಿಜ್ಞಾನವನ್ನು ಅಲ್ಲಿನ ಹೆಚ್ಚಿನ ವೈದ್ಯಕೀಯ ಕಾಲೇಜುಗಳು ಪೂರ್ವಸಿದ್ಧತೆಯೆಂದು ಒಪ್ಪುವುದಿಲ್ಲ. ಆ ಪಾಠಗಳನ್ನು ಅಮೆರಿಕದಲ್ಲಿ ಮತ್ತೆ ಓದಬೇಕಾಗುತ್ತದೆ. ಮನೆಗೆ ಹತ್ತಿರವಾದ ಕಮ್ಯೂನಿಟಿ ಕಾಲೇಜೇ ಆಗ ಮೊದಲ ಆಶ್ರಯ. ವಿದ್ಯಾರ್ಥಿಯ ವೀಸಾದ ಮೇಲೆ ಹೋದವರ ಸ್ಥಿತಿ ಇನ್ನೂ ಬೇರೆ. ಅಲ್ಲಿನ ಬಹುಪಾಲು ವೈದ್ಯಕೀಯ ಕಾಲೇಜುಗಳು ಪರದೇಶದ ನಾಗರಿಕರನ್ನು ಸೇರಿಸಿಕೊಳ್ಳುವುದಿಲ್ಲ, ಇಲ್ಲವೇ ತೀರ ವಿರಳವಾಗಿ ಸೇರಿಸಿಕೊಳ್ಳುತ್ತವೆ. ಮಗನನ್ನೋ ಮಗಳನ್ನೋ ಈ ದಾರಿಯಲ್ಲಿ ಕಳುಹಿಸುವವರು ಶುಲ್ಕದ ಲೆಕ್ಕಕ್ಕಿಂತ ಮೊದಲು ಈ ವಾಸ್ತವವನ್ನು ತಿಳಿದಿರಬೇಕು.

ಈ ದಾರಿಯ ಬಗೆಗೆ ಸಮಾಜಶಾಸ್ತ್ರಜ್ಞರ ವಿಮರ್ಶೆಯೂ ಹಳೆಯದು. ಬರ್ಟನ್ ಕ್ಲಾರ್ಕ್ ಅವರು ೧೯೬೦ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಎಲ್ಲರಿಗೂ ಬಾಗಿಲು ತೆರೆದ ಈ ಕಾಲೇಜುಗಳು ವಿದ್ಯಾರ್ಥಿಯ ದೊಡ್ಡ ಆಸೆಯನ್ನು ಮೆಲ್ಲಮೆಲ್ಲನೆ ತಣ್ಣಗಾಗಿಸಿ ಚಿಕ್ಕ ಗುರಿಯತ್ತ ತಿರುಗಿಸುವ ಕೆಲಸವನ್ನೂ ಮಾಡುತ್ತವೆಂದು ತೋರಿಸಿದರು. ಇತ್ತೀಚಿನ ಅಂಕಿಅಂಶಗಳೂ ಉತ್ಸಾಹ ತರುವಂಥವಲ್ಲ. ಈ ಕಾಲೇಜುಗಳನ್ನು ಸೇರಿದವರಲ್ಲಿ ನಾಲ್ಕು ವರ್ಷಗಳ ಸಂಸ್ಥೆಗೆ ವರ್ಗವಾಗುವವರು ಸುಮಾರು ಮೂರನೆಯ ಒಂದು ಪಾಲು. ಸೇರಿದ ಆರು ವರ್ಷಗಳೊಳಗೆ ಪದವಿಯನ್ನು ಪಡೆಯುವವರು ಅವರಲ್ಲಿ ಸುಮಾರು ಅರ್ಧ ಮಂದಿ. ಆದರೂ ದಾರಿ ಮುಚ್ಚಿಲ್ಲವೆಂಬುದಕ್ಕೆ ನಿದರ್ಶನಗಳಿವೆ. ಪ್ರೌಢಶಾಲೆಯನ್ನು ನಡುವೆ ಬಿಟ್ಟು ಸೈನ್ಯಕ್ಕೆ ಸೇರಿ, ಬ್ರಾಂಕ್ಸ್ ಕಮ್ಯೂನಿಟಿ ಕಾಲೇಜಿನಿಂದ ವ್ಯಾಸಂಗವನ್ನು ಮತ್ತೆ ಹಿಡಿದ ರಿಚರ್ಡ್ ಕರ್ಮೋನ ಅವರು ೨೦೦೨ರಿಂದ ೨೦೦೬ರವರೆಗೆ ದೇಶದ ಸರ್ಜನ್ ಜನರಲ್ ಆಗಿದ್ದರು. ಮೆಕ್ಸಿಕೋದಿಂದ ಬಂದು ಕ್ಯಾಲಿಫೋರ್ನಿಯದ ಹೊಲಗಳಲ್ಲಿ ಕೂಲಿ ಮಾಡಿ, ಸ್ಯಾನ್ ವಾಕೀನ್ ಡೆಲ್ಟ ಕಾಲೇಜಿನಲ್ಲಿ ಓದಿದ ಆಲ್ಫ್ರೆಡೊ ಕಿನ್ಯೋನೆಸ್ ಇನೊಹೋಸ ಅವರು ಬರ್ಕ್ಲಿ ಮತ್ತು ಹಾರ್ವರ್ಡುಗಳ ಮೂಲಕ ಮೆದುಳಿನ ಶಸ್ತ್ರವೈದ್ಯರಾದರು.

ಇಂಥವರನ್ನು ಅಪವಾದವೆಂದು ಹೊಗಳಿ ಸುಮ್ಮನಾಗುವುದು ಸುಲಭ. ಆದರೆ ಇಲ್ಲಿ ವ್ಯಕ್ತಿಯ ಏಳಿಗೆಯೊಂದೇ ಪ್ರಶ್ನೆಯಲ್ಲ. ಕಮ್ಯೂನಿಟಿ ಕಾಲೇಜಿನಲ್ಲಿ ಓದಿ ಬಂದ ವೈದ್ಯರು ಕುಟುಂಬವೈದ್ಯ ಶಾಖೆಯನ್ನು ಆರಿಸಿಕೊಳ್ಳುವ ಸಂಭವ ಇತರರಿಗಿಂತ ಹೆಚ್ಚೆಂದು ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿತು. ಅಮೆರಿಕದ ಹಳ್ಳಿಗಳಲ್ಲಿಯೂ ಬಡ ಬಡಾವಣೆಗಳಲ್ಲಿಯೂ ಕೊರತೆಯಾಗಿರುವುದು ಈ ಬಗೆಯ ವೈದ್ಯರೇ. ಆದುದರಿಂದ ಊರಿನ ಕಾಲೇಜಿನ ಅಂಕಪಟ್ಟಿಯನ್ನು ಪ್ರವೇಶಸಮಿತಿಯು ಸಂದೇಹದಿಂದ ಬದಿಗಿಟ್ಟಾಗ ನಷ್ಟವಾಗುವುದು ಒಬ್ಬ ವಿದ್ಯಾರ್ಥಿಗೆ ಮಾತ್ರವಲ್ಲ. ಅವನು ಮರಳಿ ಹೋಗಬಹುದಾಗಿದ್ದ ಊರಿಗೂ ಆ ನಷ್ಟ ತಟ್ಟುತ್ತದೆ. ೧೯೦೧ರಲ್ಲಿ ಕಲಿಸಲು ತೊಡಗಿದ ಎರಡು ವರ್ಷಗಳೂ ೧೯೧೦ರಲ್ಲಿ ವೈದ್ಯನಿಂದ ಕೇಳಿದ ಎರಡು ವರ್ಷಗಳೂ ಒಂದೇ ಆಗಿದ್ದುವು. ಆ ಸಮಾನತೆಯನ್ನು ಹೆಸರಿನಿಂದ ಅಳೆಯದೆ ಕಲಿಕೆಯಿಂದ ಅಳೆಯುವ ಹೊಣೆ ಸಂಸ್ಥೆಗಳದು. ಅಲ್ಲಿಯವರೆಗೆ ದಾರಿಯ ತಿರುವುಗಳನ್ನು ಮೊದಲೇ ತಿಳಿದು, ಪ್ರತಿಯೊಂದು ಪಾಠಕ್ಕೂ ಲಿಖಿತವಾದ ಸಮಾನತೆಯನ್ನು ಖಚಿತಪಡಿಸಿಕೊಂಡು ನಡೆಯುವ ಎಚ್ಚರ ವಿದ್ಯಾರ್ಥಿಯದಾಗಿಯೇ ಉಳಿಯುತ್ತದೆ.