ರೀಫ್ ಟ್ಯಾಂಕ್‌ನಲ್ಲಿ ಕೆಂಪು ಲೋಳೆ? ಮೊದಲು ನೈಟ್ರೇಟ್ ನೋಡಿ

ಮರಳಿನ ಮೇಲೆ ಕೆಂಪು ಲೋಳೆ, ಅದರೊಳಗೆ ಗಾಳಿಗುಳ್ಳೆ. ನಿಮ್ಮ ಹವಳದ ಟ್ಯಾಂಕ್‌ನಲ್ಲೂ ಹೀಗಾಗಿದೆಯಾ?

ಇದು ಪಾಚಿ ಅಲ್ಲ. ಸೈನೋಬ್ಯಾಕ್ಟೀರಿಯಾ. ಬೆಳಕಿನಿಂದ ಆಹಾರ ತಯಾರಿಸೋ ಬ್ಯಾಕ್ಟೀರಿಯಾ.

ಲೋಳೆ ಕಂಡ ಕೂಡಲೇ ನೈಟ್ರೇಟನ್ನು ಸೊನ್ನೆಗೆ ಇಳಿಸೋಕೆ ಹೊರಡೋರೇ ಜಾಸ್ತಿ. ಎಡವಟ್ಟಾಗೋದು ಅಲ್ಲೇ. ಸೈನೋದ ಕೆಲವು ಜಾತಿಗಳು ನೀರಲ್ಲಿ ಕರಗಿರೋ ನೈಟ್ರೋಜನ್ ಅನಿಲವನ್ನೇ ಬಳಸಿಕೊಳ್ಳುತ್ತವೆ. ನೈಟ್ರೇಟ್ ಖಾಲಿಯಾದರೆ ಅವುಗಳ ಜೊತೆ ಪೈಪೋಟಿ ಮಾಡೋ ಪಾಚಿ ಸೊರಗುತ್ತೆ. ಫಾಸ್ಫೇಟ್ ಉಳಿದಿದ್ದರೆ ಸೈನೋ ಆರಾಮಾಗಿ ಹಬ್ಬುತ್ತೆ.

ಹಾಗಾದ್ರೆ ಏನು ಮಾಡ್ಬೇಕು?

ಒಂದು: ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಟೆಸ್ಟ್ ಮಾಡಿ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ. ಹೆಚ್ಚಿನ ಹವಳದ ಟ್ಯಾಂಕ್‌ಗಳಿಗೆ ಇದು ಒಳ್ಳೆಯ ಗುರಿ.

ಎರಡು: ನೈಟ್ರೇಟ್ ಸೊನ್ನೆ ಇದ್ದರೆ ಸೋಡಿಯಂ ನೈಟ್ರೇಟ್ ದ್ರಾವಣವನ್ನು ದಿನಾ ಸ್ವಲ್ಪ ಸ್ವಲ್ಪ ಸೇರಿಸಿ. ಫಾಸ್ಫೇಟ್ ಜಾಸ್ತಿ ಇದ್ದರೆ ಅದನ್ನು ಹೀರೋ ಜಿಎಫ್‌ಓವನ್ನು ಕಡಿಮೆ ಪ್ರಮಾಣದಲ್ಲಿ ಶುರು ಮಾಡಿ. ಒಮ್ಮೆಲೇ ಇಳಿಸಿದರೆ ಹವಳಕ್ಕೆ ಪೆಟ್ಟು. ಎರಡೂ ಸೊನ್ನೆಯಾದರಂತೂ ಡೈನೋಫ್ಲಾಜೆಲೇಟ್ ಅನ್ನೋ ಇನ್ನೊಂದು ಸೂಕ್ಷ್ಮಜೀವಿಯ ಕಾಟ ಶುರುವಾಗಬಹುದು.

ಮೂರು: ಲೋಳೆಯನ್ನು ಸೈಫನ್ ಪೈಪಿನಿಂದ ಎಳೆದು ತೆಗೀರಿ. ನೀರು ನಿಂತ ಮೂಲೆಗೆ ವೇವ್‌ಮೇಕರ್ ತಿರುಗಿಸಿ. ಟ್ಯಾಂಕ್‌ಗೆ ಆರ್‌ಓ-ಡಿಐ ಫಿಲ್ಟರ್‌ನಲ್ಲಿ ಶುದ್ಧ ಮಾಡಿದ ನೀರನ್ನೇ ಹಾಕಿ.

ಆಂಟಿಬಯಾಟಿಕ್ ಕೊನೆಯ ದಾರಿ. ಅದು ಒಳ್ಳೆಯ ಬ್ಯಾಕ್ಟೀರಿಯಾಗೂ ಹೊಡೆತ ಕೊಡಬಹುದು. ಸತ್ತ ಸೈನೋ ಕೊಳೆಯುವಾಗ ಆಮ್ಲಜನಕವೂ ಕುಸಿಯುತ್ತೆ.

ಫಲ ಕಾಣೋಕೆ ಕೆಲವು ವಾರ ಬೇಕು. ಇವತ್ತೇ ಟೆಸ್ಟ್ ಮಾಡಿ, ನಿಮ್ಮ ಎರಡೂ ನಂಬರ್ ಕಾಮೆಂಟ್‌ನಲ್ಲಿ ಹಾಕಿ.